ಒಳಕೋಣೆಯ ಮರಿಯಕ್ಕ

ದುಬೈಯ ಅಲ್ ಮುರಕ್ಕಬಾತ್‌ನ ಆ ಮನೆಯಲ್ಲಿ ಬಿಸಿಲು ಕಾಣದ ಕೋಣೆ ಒಂದಿತ್ತು. ಅದು ನನ್ನದು. ಅದರ ಕಿಟಕಿ ರಸ್ತೆಯ ಕಡೆಗಿರಲಿಲ್ಲ; ಕಟ್ಟಡದ ನಡುಮಧ್ಯೆ ಮೇಲಿನಿಂದ ಕೆಳತನಕ ಬಾವಿಯಂತೆ ಬಿಟ್ಟಿದ್ದ ಸಂದಿಗೆ ತೆರೆದುಕೊಳ್ಳುತ್ತಿತ್ತು. ಗಾಳಿ ಬರುತ್ತಿರಲಿಲ್ಲ, ಎಲ್ಲರ ಮನೆಯ ಒಗ್ಗರಣೆ ಬರುತ್ತಿತ್ತು. ಬೆಳಿಗ್ಗೆ ಕೆಳಗಿನ ಮಲಯಾಳಿಗಳ ತೆಂಗಿನೆಣ್ಣೆ, ಮಧ್ಯಾಹ್ನ ಮೇಲಿನ ಫಿಲಿಪಿನೋ ನರ್ಸುಗಳ ಬೆಳ್ಳುಳ್ಳಿ, ಸಂಜೆ ಎದುರು ಬಾಗಿಲಿನ ಝುಬೈದಾ ಆಂಟಿಯ ಮೀನು ಸಾರು. ಅವ್ವ ಅದನ್ನು ಒಳಕೋಣೆ ಎನ್ನುತ್ತಿದ್ದಳು. ಊರಿನ ಮನೆಯಲ್ಲಿ ಜೋಳದ ಚೀಲ ಇಡುವ ಕೋಣೆಗೆ ಅದೇ ಹೆಸರಿತ್ತಂತೆ. ನನಗೆ ಹತ್ತು ನಡೆಯುತ್ತಿದ್ದಾಗ ಒಂದು ಸಂಜೆ ಅಪ್ಪ ಕೆಲಸದಿಂದ ಬಂದವನೇ ಬೂಟು ಬಿಚ್ಚದೆ ನನ್ನ ಹಾಸಿಗೆ ಸುತ್ತಿ ಹಾಲ್‌ಗೆ ತಂದು ಹಾಕಿದ. ನನ್ನ ಪುಸ್ತಕಗಳನ್ನು ಫ್ರಿಜ್ಜಿನ ಮೇಲೆ ಪೇರಿಸಿದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾನು ಕೆಲಸ ಮಾಡುವ ಕ್ಲಬ್ಬಿನ ಜೂಡೋ ಕೋಚ್ ನಾಳೆಯಿಂದ ನಮ್ಮ ಮನೆಯಲ್ಲಿ ಇರುತ್ತಾಳೆ ಎಂದು ಹೇಳಿದ. ಅವ್ವ ತವೆಯ ಮೇಲಿನ ರೊಟ್ಟಿ ಮಗುಚುವುದನ್ನು ನಿಲ್ಲಿಸಿದಳು.

"ಎರಡು ವಾರದ ಮಾತು. ಬ್ಯಾರೆ ಮನಿ ಸಿಕ್ಕ ಕೂಡಲೇ ಹೋಗ್ತಾಳ."

"ಮಗಳಿರೋ ಮನಿ ಇದು. ಗುರ್ತಿಲ್ಲ, ಪರಿಚಯಿಲ್ಲ. ಏನ್ ಉಣ್ತಾಳ, ಹೆಂಗ ಇರ್ತಾಳ ಯಾರಿಗ್ಗೊತ್ತು? ಕ್ಲಬ್ಬಿನವರಿಗೆ ಇಟ್ಕೊಳ್ಳಾಕ ಜಾಗಿಲ್ಲ, ನಮಗೈತೇನು?"

"ಮೊದ್ಲ ಆಕಿ ಕಿವಿ ನೋಡು. ಆಮ್ಯಾಲೆ ಮಾತಾಡು."

ಅಪ್ಪನ ಎರಡೂ ಕಿವಿಗಳು ಮುದುಡಿದ್ದವು. ಧಾರವಾಡದ ಹತ್ತಿರದ ಹಳ್ಳಿಯ ಗರಡಿಮನೆಯಲ್ಲಿ ಹನ್ನೆರಡನೇ ವಯಸ್ಸಿಗೆ ಕೆಂಪು ಮಣ್ಣಿಗಿಳಿದು ಇಪ್ಪತ್ತೈದರವರೆಗೆ ಕುಸ್ತಿ ಹಿಡಿದವನು. ಎದುರಾಳಿಯ ತಲೆ, ತೋಳು ಉಜ್ಜಿ ಉಜ್ಜಿ ಪೈಲ್ವಾನರ ಕಿವಿ ಒಡೆದು, ರಕ್ತ ಕಟ್ಟಿ, ಒಣಗಿ ಗಂಟಾಗುತ್ತದೆ. ಭುಜದ ಕೀಲು ತಪ್ಪಿದ ಮೇಲೆ ಕುಸ್ತಿ ಬಿಟ್ಟ, ವಿದ್ಯುತ್ ಕೆಲಸ ಕಲಿತ, ದುಬೈಗೆ ಬಂದ, ದೇರಾದ ಒಂದು ಸ್ಪೋರ್ಟ್ಸ್ ಕ್ಲಬ್ಬಿನಲ್ಲಿ ಏಸಿ, ದೀಪ, ಮ್ಯಾಟುಗಳನ್ನು ನೋಡಿಕೊಳ್ಳುವ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದ. ಅವನ ಕಿವಿ ಯಾಕೆ ಹಾಗಿದೆ ಎಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೆಲವರು ಹುಟ್ಟಿನಿಂದ ಹಾಗೆ ಎಂದುಕೊಂಡಿದ್ದರು. ನೆದರ್ಲೆಂಡ್ಸಿನಿಂದ ಬಂದ ಹೊಸ ಕೋಚ್ ಮೊದಲ ದಿನ ಅವನನ್ನು ದಾಟಿ ಹೋದವಳು ನಿಂತು, ತಿರುಗಿ ಬಂದು, ತನ್ನ ಬೆಳ್ಳಿಗೂದಲನ್ನು ಹಿಂದಕ್ಕೆ ಸರಿಸಿ ತನ್ನ ಕಿವಿ ತೋರಿಸಿದಳಂತೆ. ಅವೂ ಹಾಗೆಯೇ ಇದ್ದವು. ಅಪ್ಪ ಈ ಕಥೆಯನ್ನು ಎಷ್ಟು ಸಲ ಹೇಳಿದನೋ. ಹೇಳುವಾಗೆಲ್ಲ ಅವನ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಕೋಚುಗಳಿಗೆ ಕೊಟ್ಟಿದ್ದ ವಿಲ್ಲಾವನ್ನು ಕ್ಲಬ್ಬಿನವರು ಇದ್ದಕ್ಕಿದ್ದಂತೆ ಖಾಲಿ ಮಾಡಿಸಿದಾಗ ಆಕೆಯನ್ನು ಮನೆಗೆ ಕರೆತರಲು ಅವನಿಗೆ ಬೇರೆ ಕಾರಣ ಬೇಕಿರಲಿಲ್ಲ.

ಆಕೆಯ ಹೆಸರು ಮರೈಕೆ. ಅವ್ವನ ನಾಲಿಗೆಗೆ ಅದು ಎರಡೇ ದಿನದಲ್ಲಿ ಮರಿಯಕ್ಕ ಆಯಿತು. ನಾನು ಮಿಸ್ ಎನ್ನುತ್ತಿದ್ದೆ. ಐವತ್ತು ದಾಟಿದ, ಅಗಲ ಭುಜದ, ಬಲ ಮಂಡಿ ಪೂರ್ತಿ ಮಡಚಲಾಗದ ಹೆಂಗಸು. ಎರಡು ವಾರಕ್ಕೆಂದು ಬಂದು ಸುಮಾರು ಐದು ವರ್ಷ ನಮ್ಮ ಒಳಕೋಣೆಯಲ್ಲಿದ್ದಳು. ಅವ್ವ ಮೊದಮೊದಲು ಆಕೆಯ ತಟ್ಟೆ ಬೇರೆ ಇಟ್ಟಳು, ಆಕೆಗೆ ಬ್ರೆಡ್ಡು ತರಿಸಿದಳು, ಆಕೆ ಅಡುಗೆಮನೆಗೆ ಬಂದರೆ ತಾನು ಹೊರಗೆ ಬಂದಳು. ಒಂದು ದಿನ ಅವ್ವನಿಗೆ ಜ್ವರ. ಮರೈಕೆ ಯಾರನ್ನೂ ಕೇಳದೆ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಮೊದಲ ನಾಲ್ಕು ಹರಿದವು. ಐದನೆಯದು ದುಂಡಗೆ, ತೆಳ್ಳಗೆ ಬಂತು. ಎದುರಾಳಿಗಳ ಅಂಗಿಯ ಕಾಲರು ಹಿಡಿದು ಎಳೆದೆಳೆದು ಗಂಟು ಬಿದ್ದಿದ್ದ ಆ ಬೆರಳುಗಳಲ್ಲಿ ಹಿಟ್ಟು ಮಾತು ಕೇಳುತ್ತಿತ್ತು. ಅವ್ವ ಮಂಚದ ಮೇಲೆ ಎದ್ದು ಕೂತು ಬಡಿಯುವ ಸದ್ದು ಆಲಿಸಿದಳು. ಮರುದಿನದಿಂದ ಬೇರೆ ತಟ್ಟೆ ಇರಲಿಲ್ಲ. ಆದರೆ ಜಗಳ ನಿಂತಿತು ಎಂದಲ್ಲ. ಒಂದೇ ಬಚ್ಚಲು, ಒಂದೇ ಫ್ಯಾನು, ಬೇಸಿಗೆಯಲ್ಲಿ ಕೆಟ್ಟು ನಿಲ್ಲುವ ಏಸಿ. ಮರೈಕೆ ಕಿಟಕಿ ತೆರೆಯುತ್ತಿದ್ದಳು, ಅವ್ವ ಮುಚ್ಚುತ್ತಿದ್ದಳು. ಆಗಿನ್ನೂ ಒಬ್ಬಳಿಗೆ ಇನ್ನೊಬ್ಬಳ ಭಾಷೆ ಬಾರದ್ದರಿಂದ ಇಬ್ಬರೂ ಧಾರಾಳವಾಗಿ ಬೈದುಕೊಳ್ಳುತ್ತಿದ್ದರು.

ಶುಕ್ರವಾರ ರಜೆ. ಅವ್ವ ಬರ್ ದುಬೈಯ ದೇವಸ್ಥಾನದ ಗಲ್ಲಿಗೆ ಹೂವು ತರಲು ಹೊರಟರೆ ನಾನೂ ಮರೈಕೆಯೂ ಜೊತೆಗೆ ಹೋಗುತ್ತಿದ್ದೆವು. ದೇರಾದ ಕಟ್ಟೆಯಿಂದ ಅಬ್ರಾ ದೋಣಿ ಹತ್ತಿ ಆಚೆ ದಡಕ್ಕೆ ಹೋದ ಮೇಲೆ ಅವ್ವ ಇಳಿದು ಗಲ್ಲಿಗೆ ನಡೆಯುತ್ತಿದ್ದಳು, ನಾವಿಬ್ಬರೂ ಇಳಿಯದೆ ಈ ದಡ ಆ ದಡ ಎಂದು ಮೂರು ನಾಲ್ಕು ಸಲ ತಿರುಗುತ್ತಿದ್ದೆವು. ಡೀಸೆಲ್ ಹೊಗೆ, ಉಪ್ಪು ನೀರು ಮೂಗಿಗೆ ಬಿದ್ದೊಡನೆ ಆಕೆ ತನ್ನ ಇಂಗ್ಲಿಷಿನಲ್ಲಿ ಮಾತಿಗೆ ತೊಡಗುತ್ತಿದ್ದಳು. ಆಕೆಯ ಬದುಕನ್ನು ನಾನು ತಿಳಿದದ್ದು ಆ ದೋಣಿಯ ಹಲಗೆಯ ಮೇಲೆ. ಆಕೆಯ ಅಪ್ಪ ಸರಕು ದೋಣಿಯವನು. ಆ ದೇಶದ ಕಾಲುವೆಗಳಲ್ಲಿ ಮರಳು, ಕಲ್ಲಿದ್ದಲು, ಧಾನ್ಯ ಹೊತ್ತು ಊರೂರು ಅಲೆಯುವ ದೋಣಿಯೇ ಅವರ ಮನೆ. ಆರು ವರ್ಷ ತುಂಬಿದ ಮೇಲೆ ದೋಣಿಯವರ ಮಕ್ಕಳನ್ನು ಹಾಸ್ಟೆಲ್ಲಿಗೆ ಹಾಕುತ್ತಿದ್ದರು. ಆಕೆ ಅಲ್ಲಿ ದಿನವೂ ಅತ್ತಳು, ಅತ್ತದ್ದಕ್ಕೆ ಉಳಿದ ಮಕ್ಕಳು ಹೊಡೆದರು, ಹೊಡೆತ ತಪ್ಪಿಸಿಕೊಳ್ಳಲಿ ಎಂದು ವ್ಯಾಯಾಮದ ಮೇಷ್ಟ್ರು ಜೂಡೋ ಕಲಿಸಿದರು. ಅಲ್ಲಿಂದ ಎರಡು ಸಲ ಯುರೋಪಿನ ಚಾಂಪಿಯನ್.

"ಗೆದ್ದ ಮೇಲೆ ಏನಾಯ್ತು ಮಿಸ್?" ಎಂದು ನಾನು ಕೇಳುತ್ತಿದ್ದೆ, ಉತ್ತರ ಗೊತ್ತಿದ್ದರೂ.

"ಸೋಮವಾರ ಬಂತು. ನಾನು ಅಂಚೆ ಹಂಚಲು ಹೋದೆ. ನನ್ನ ಬೀದಿಯಲ್ಲೇ, ನನ್ನ ಫೋಟೋ ಇದ್ದ ಪೇಪರನ್ನು ಮನೆಮನೆಗೆ ಹಾಕಿದೆ."

ಅಂಚೆಯ ಕೆಲಸ ಮಾಡುತ್ತಲೇ ಹದಿನಾಲ್ಕು ವರ್ಷ ಆಡಿದಳು. ಮೂರನೆಯ ಸಲ ಫೈನಲ್‌ಗೆ ಹೋದಾಗ ಮಂಡಿ ತಿರುಚಿತು. ನೋವಿನ ಇಂಜೆಕ್ಷನ್ ತೆಗೆದುಕೊಂಡು ನಿಂತಳು, ಸೋತಳು, ಮಂಡಿ ಮತ್ತೆ ಸರಿಹೋಗಲಿಲ್ಲ. ಮದುವೆಯಾದಳು, ಮುರಿಯಿತು. ಊರಿನ ಕ್ಲಬ್ಬಿನಲ್ಲಿ ಕಲಿಸಿದಳು, ಅದು ಮುಚ್ಚಿತು. ಆಮೇಲೆ ದುಬೈ. ಇದನ್ನೆಲ್ಲ ಆಕೆ ಬೇರೆ ಯಾರದೋ ವಿಳಾಸ ಓದಿ ಹೇಳಿದಂತೆ ಹೇಳುತ್ತಿದ್ದಳು. ಪದಕಗಳು ಒಂದು ಬಿಸ್ಕತ್ತು ಡಬ್ಬಿಯಲ್ಲಿ ಗುಂಡಿ, ಸೂಜಿದಾರಗಳ ಜೊತೆ ಇದ್ದವು.

ನನಗೆ ಮೊದಲು ಕಲಿಸಿದ್ದು ಬೀಳುವುದನ್ನು. ಸೋಫಾ ಗೋಡೆಗೆ ಒತ್ತಿ, ಎರಡು ಹಾಸಿಗೆ ಹಾಸಿ, ಮೂರು ತಿಂಗಳು ಬರೀ ಬೀಳುವುದು. ಗದ್ದ ಎದೆಗೆ ಒತ್ತಬೇಕು, ಬೆನ್ನು ಗುಂಡಗಾಗಬೇಕು, ಅಂಗೈ ನೆಲಕ್ಕೆ ಬಡಿಯಬೇಕು. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಚಾವಣಿಗೆ ಕುಟ್ಟುತ್ತಿದ್ದರು. ಎರಡನೆಯ ಪಾಠ ಅದಕ್ಕಿಂತ ಕಟ್ಟುನಿಟ್ಟಿನದು: ಎದುರಾಳಿ ಅಂಗೈಯಿಂದ ತಟ್ಟಿದರೆ ಸೋತೆ ಎಂದರ್ಥ, ಆ ಕ್ಷಣವೇ ಹಿಡಿತ ಬಿಡಬೇಕು. ಒಂದು ತಟ್ಟಿಗೆ ಬಿಡದೆ ಎರಡನೆಯದಕ್ಕೆ ಬಿಟ್ಟ ಒಬ್ಬ ದೊಡ್ಡ ಹುಡುಗನನ್ನು ಆಕೆ ಕ್ಲಬ್ಬಿನಿಂದಲೇ ಹೊರಗೆ ಹಾಕಿದ್ದಳು. ಹನ್ನೊಂದಕ್ಕೆ ನಾನು ಕ್ಲಬ್ಬಿನ ಮ್ಯಾಟಿಗೆ ಹೋದೆ, ಹದಿಮೂರಕ್ಕೆ ಶಾಲೆಗಳ ನಡುವಿನ ಪಂದ್ಯಗಳಲ್ಲಿ ನನ್ನ ತೂಕದಲ್ಲಿ ನನ್ನೆದುರು ನಿಲ್ಲುವವರಿರಲಿಲ್ಲ. ಅಪ್ಪ ಮ್ಯಾಟಿನಂಚಿನಲ್ಲಿ ಸ್ಪ್ಯಾನರ್ ಹಿಡಿದು ನಿಂತು ನೋಡುತ್ತಿದ್ದ. ನಾನು ಗೆದ್ದು ಬಂದಾಗ ಅವನು ಹೊಗಳುತ್ತಿರಲಿಲ್ಲ. ನನ್ನ ಕಿವಿಯನ್ನು ಮೆಲ್ಲಗೆ ಹಿಂಡಿ, "ಇನ್ನೂ ಮೆತ್ತಗದಾವು" ಎನ್ನುತ್ತಿದ್ದ.

ನಾವು ಎಷ್ಟೇ ವರ್ಷ ಇದ್ದರೂ ಈ ದೇಶದ ಪರವಾಗಿ ನಾನು ಆಡುವಂತಿರಲಿಲ್ಲ. ಭಾರತದ ಪರವಾಗಿ ಆಡಬೇಕಾದರೆ ಅಲ್ಲಿ ಹೋಗಿ ಇರಬೇಕು, ಆಯ್ಕೆಯ ಪಂದ್ಯಗಳಲ್ಲಿ ಗೆಲ್ಲಬೇಕು. ಹತ್ತನೇ ಕ್ಲಾಸಿಗೆ ನನ್ನನ್ನು ಧಾರವಾಡದ ದೊಡ್ಡಪ್ಪನ ಮನೆಗೆ ಕಳಿಸುವುದು ಎಂದು ಅಪ್ಪನೂ ಮರೈಕೆಯೂ ಊಟದ ಚಾಪೆಯ ಮೇಲೆ ಕೂತು ತೀರ್ಮಾನ ಮಾಡಿದರು. ಅವ್ವ ಮೂರು ದಿನ ಮಾತು ಬಿಟ್ಟಳು, ಆಮೇಲೆ ನನಗೆ ಹೊಸ ಟವೆಲ್ಲುಗಳನ್ನು ಕೊಂಡಳು. ಮರೈಕೆ ಗೋಡೆಯ ಮೇಲೆ ಕಾಗದ ಅಂಟಿಸಿ ನನ್ನ ಮುಂದಿನ ಐದು ವರ್ಷಗಳನ್ನು ತಿಂಗಳ ಲೆಕ್ಕದಲ್ಲಿ ಬರೆದಳು. ಆ ಕಾಗದದಲ್ಲಿ ಒಂದು ವರ್ಷಕ್ಕೆ ಒಂದೇ ತಿಂಗಳು ಎರಡು ಸಲ ಬಂದಿತ್ತು. ನಾನು ತೋರಿಸಿದಾಗ ಆಕೆ ನಕ್ಕಳು. ಆಕೆ ಸಾರಿಗೆ ಉಪ್ಪನ್ನು ಎರಡು ಸಲ ಹಾಕುತ್ತಿದ್ದಳು, ಅದಕ್ಕೂ ನಕ್ಕೆವು. ಒಂದು ಶುಕ್ರವಾರ ಬರ್ ದುಬೈಯ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಆಕೆ ತಪ್ಪಿಸಿಕೊಂಡಳು, ನಾವು ಹುಡುಕಿದಾಗ ಒಂದು ಅಂಗಡಿಯ ಸ್ಟೂಲಿನ ಮೇಲೆ ಕೂತು, ಅಂಗಡಿಯವನು ಕೊಟ್ಟ ಚಹಾ ಹಿಡಿದು, ನನ್ನನ್ನು ನೋಡಿ "ಅಪ್ಪ ದೋಣಿ ದಡಕ್ಕೆ ಕಟ್ಟಿದನಾ?" ಎಂದು ಕೇಳಿದಳು. ಅದಕ್ಕೆ ಮಾತ್ರ ನಾವು ನಗಲಿಲ್ಲ. ಆದರೂ ಆ ರಾತ್ರಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ನನಗೆ ಹದಿನಾಲ್ಕು ತುಂಬಿತ್ತು. ಹಾಲ್‌ನಲ್ಲಿ ಹಾಸಿಗೆ ಹಾಸಿ ನೆಲದ ಮೇಲಿನ ಪಟ್ಟುಗಳನ್ನು ಕಲಿಯುತ್ತಿದ್ದೆವು. ಎದುರಾಳಿಯ ತೋಳನ್ನು ಎರಡು ತೊಡೆಗಳ ನಡುವೆ ಹಿಡಿದು, ಮೊಣಕೈಯನ್ನು ಹಿಂದಕ್ಕೆ ಒತ್ತುವ ಪಟ್ಟು. ಆಕೆ ನನ್ನ ಬಲದೋಳು ಹಿಡಿದಿದ್ದಳು. ನೋವು ಹತ್ತಿತು, ತಟ್ಟಿದೆ. ಆಕೆ ಬಿಡಲಿಲ್ಲ. ಕತ್ತು ತಿರುಗಿಸಿ ನೋಡಿದೆ. ಅದು ನನ್ನ ಮಿಸ್‌ನ ಮುಖವಾಗಿರಲಿಲ್ಲ. ತುಟಿ ಕಚ್ಚಿಕೊಂಡು ನನ್ನ ತಲೆಯ ಮೇಲಿನಿಂದ ಎಲ್ಲೋ ನೋಡುತ್ತಿದ್ದಳು, ಯಾವುದೋ ಹೆಸರು ಹೇಳುತ್ತಿದ್ದಳು. ನನ್ನದಲ್ಲ. ಮತ್ತೆ ತಟ್ಟಿದೆ, ಆಕೆಯ ಕಾಲಿಗೆ ತಟ್ಟಿದೆ, ನೆಲಕ್ಕೆ ತಟ್ಟಿದೆ, ಮಿಸ್ ಎಂದು ಕೂಗಿದೆ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಅವ್ವ ಹಿಟ್ಟಿನ ಕೈಯಲ್ಲಿ ಓಡಿ ಬಂದು ಆಕೆಯ ಕೆನ್ನೆಗೆ ಬಾರಿಸಿದಳು. ಆಗ ಹಿಡಿತ ಸಡಿಲಾಯಿತು. ಆಕೆ ಎದ್ದು ಕೂತು, ಕೆನ್ನೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ, ನನ್ನ ತೋಳು ನೋಡಿ ಗಾಬರಿಯಾಗಿ ಕೇಳಿದಳು:

"ನೀಲಾ! ಏನಾಯ್ತು? ಬಿದ್ದೆಯಾ?"

ಅಪ್ಪ ಕ್ಲಬ್ಬಿನಿಂದ ನೇರವಾಗಿ ಆಸ್ಪತ್ರೆಗೆ ಬಂದ. ಎಕ್ಸ್‌ರೇ ಕೋಣೆಯ ಹೊರಗೆ ಕುರ್ಚಿಗಳ ಸಾಲು. ಅವ್ವನ ಬೆರಳುಗಳಲ್ಲಿ ಹಿಟ್ಟು ಇನ್ನೂ ಒಣಗಿ ಅಂಟಿಕೊಂಡಿತ್ತು. ಅಪ್ಪ ನನ್ನ ಮುಂದೆ ಮಂಡಿಯೂರಿ ಕೂತು, ಮೆಲುದನಿಯಲ್ಲಿ ಮಾತಾಡಿದ.

"ಮೆಟ್ಟಲ ಮ್ಯಾಲಿಂದ ಬಿದ್ದಿ. ಯಾರ ಕೇಳಿದ್ರೂ ಅಷ್ಟ ಹೇಳು."

"ಯಾಕ?" ಎಂದಳು ಅವ್ವ. "ಖರೇ ಹೇಳಿದ್ರ ಏನಾಗ್ತೈತಿ?"

"ಪೊಲೀಸ್ ಬರ್ತಾರ. ಆಕಿನ್ನ ಒಳಗ ಹಾಕ್ತಾರ, ಇಲ್ಲಾ ವೀಸಾ ಕ್ಯಾನ್ಸಲ್ ಮಾಡಿ ಕಳಸ್ತಾರ. ಅಲ್ಲಿ ಆಕಿಗೆ ಯಾರದಾರ?"

"ಮತ್ತ ನನ್ನ ಮಗಳ ಕೈ?"

"ಕೈ ಕೂಡ್ತೈತಿ. ನನ್ನ ಭುಜ ಕೂಡ್ಲಿಲ್ಲೇನು? ನಾ ಆಕಿ ಮ್ಯಾಲೆ ಕಣ್ಣಿಡ್ತೀನಿ. ಇನ್ನ ಮ್ಯಾಲೆ ಕ್ಲಾಸಿನ್ಯಾಗ ಆಕಿ ಜೋಡಿ ನಾ ನಿಂತಿರ್ತೀನಿ. ನನ್ನ ಮಾತು ಕೇಳ್ರಿ."

ಡಾಕ್ಟರು ಹಿಂದಿಯಲ್ಲಿ ಕೇಳಿದರು, ನಾನು ಮೆಟ್ಟಿಲು ಎಂದೆ. ಎಷ್ಟು ಮೆಟ್ಟಿಲು ಎಂದರು. ಆರು ಎಂದೆ. ಅಪ್ಪ ಹೇಳಿಕೊಟ್ಟಿರದ ಆ ಆರನ್ನು ನಾನೇ ಸೇರಿಸಿದ್ದೆ, ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂದು ನನಗೇ ಆಶ್ಚರ್ಯವಾಯಿತು. ಮೂಳೆ ಕೂಡಿತು, ಕೀಲು ಕೂಡಲಿಲ್ಲ. ಈಗ ದುಬೈ ಬಿಟ್ಟು ಬಂದು, ಅಲ್ ರೀಮ್ ಐಲ್ಯಾಂಡಿನ ಒಂದು ಕಟ್ಟಡದ ಇಪ್ಪತ್ತೆರಡನೇ ಮಹಡಿಯಲ್ಲಿ ಕೂತು ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲದೋಳು ಪೂರ್ತಿ ಚಾಚುವುದಿಲ್ಲ, ನಾಲ್ಕು ಸಾಲು ಬರೆದರೆ ಮೊಣಕೈ ನೋಯುತ್ತದೆ. ಧಾರವಾಡದ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಟವೆಲ್ಲುಗಳನ್ನು ಮನೆಯಲ್ಲೇ ಬಳಸಿ ಸವೆಸಿದೆವು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ದಿನವೂ ಬೆಳಿಗ್ಗೆ ಮರೈಕೆ ಹೊಸದಾಗಿ ಕೇಳುತ್ತಿದ್ದಳು, ಏನಾಯ್ತು ಎಂದು. ಮೆಟ್ಟಿಲಿಂದ ಬಿದ್ದೆ ಎನ್ನುತ್ತಿದ್ದೆ. ಆಗ ಆಕೆಗೆ ಸಿಟ್ಟು ಬರುತ್ತಿತ್ತು. "ಮೂರು ತಿಂಗಳು ಬೀಳುವುದನ್ನೇ ಕಲಿಸಿದ್ದೇನೆ. ಹೀಗಾ ಬೀಳೋದು?" ಅವ್ವ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು. ಆಕೆಯನ್ನು ಒಮ್ಮೆ ಡಾಕ್ಟರ ಹತ್ತಿರ ಕರೆದೊಯ್ಯೋಣ ಎಂದು ಅವ್ವ ಹೇಳಿದರೆ, ಕ್ಲಬ್ಬಿನವರಿಗೆ ತಿಳಿಯುತ್ತದೆ ಎಂದು ಅಪ್ಪ ಮುಂದೂಡುತ್ತಿದ್ದ. ಆಕೆಯ ಒಳ್ಳೆಯ ದಿನಗಳು ಇನ್ನೂ ಹೆಚ್ಚಿದ್ದವು. ಕ್ಲಬ್ಬಿನಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಇಷ್ಟಾಗಿಯೂ ಆಕೆ ದಡ್ಡಿಯಾಗಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ವಾರ, ಒಂದು ಸಂಜೆ, ನಾನು ಒಳಕೋಣೆಗೆ ಬಟ್ಟೆ ತರಲು ಹೋದಾಗ ಆಕೆ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಬಾಗಿಲು ಹಾಕು ಎಂದಳು. ನನ್ನ ತೋಳನ್ನು ತೆಗೆದುಕೊಂಡು, ಕೋಚ್ ನೋಡುವ ಹಾಗೆ, ಮೆಲ್ಲಗೆ ಚಾಚಿ, ಮಡಚಿ, ಎಲ್ಲಿ ನಿಲ್ಲುತ್ತದೆ ಎಂದು ನೋಡಿದಳು. ಆಮೇಲೆ ನನ್ನ ಕಣ್ಣು ನೋಡಿದಳು.

"ಮೆಟ್ಟಿಲಿಂದ ಬಿದ್ದರೆ ಕೀಲು ಹೀಗೆ ಹೋಗಲ್ಲ. ನಾನೇ ಮಾಡಿದ್ದಾ?"

ನಾನು ತೋಳು ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ.

"ಹೇಳು ನೀಲಾ. ನಾನೇ ಆದರೆ ನಾಳೆ ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಹೇಳ್ತೇನೆ. ಇನ್ನು ಯಾವ ಮಗುವನ್ನೂ ಮುಟ್ಟಲ್ಲ. ನನ್ನ ಅಮ್ಮನಿಗೂ ಹೀಗೇ ಶುರುವಾಗಿತ್ತು. ಹೇಳು."

"ಅಲ್ಲ ಮಿಸ್," ಎಂದೆ. "ನಾನು ಬಿದ್ದೆ."

ಆಕೆ ನನ್ನ ತೋಳನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದು ಬಿಟ್ಟಳು. ನನ್ನ ಮಾತು ನಂಬಿದಳು. ನಾನು ಆಕೆಗೆ ಎಂದೂ ಸುಳ್ಳು ಹೇಳಿದವಳಲ್ಲ. ಕರುಣೆಯಿಂದ ಹಾಗೆಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕರುಣೆಯಲ್ಲ. ಕೈ ಹೋಗಿತ್ತು, ಜೂಡೋ ಹೋಗಿತ್ತು, ಆಕೆಯೂ ಹೋದರೆ ಆ ಮನೆಯಲ್ಲಿ ನನ್ನನ್ನು ಏನೋ ಆಗಬಲ್ಲವಳು ಎಂದು ನೋಡಿದವರು ಯಾರೂ ಉಳಿಯುತ್ತಿರಲಿಲ್ಲ. ಆಕೆಯನ್ನು ಇಟ್ಟುಕೊಳ್ಳಲು ಹೇಳಿದ ಸುಳ್ಳು ಅದು.

ಎದುರು ಬಾಗಿಲಿನ ಝುಬೈದಾ ಆಂಟಿ ಬಂಟ್ವಾಳದ ಕಡೆಯವರು. ಗಂಡ ಸಬ್‌ಖಾ ಪೇಟೆಯ ಒಂದು ಅಂಗಡಿಯಲ್ಲಿ ಸೇಲ್ಸ್‌ಮನ್. ಅವರ ಮಗಳು ನಾಝಿಯಾಳಿಗೆ ಏಳು ವರ್ಷ. ನಾನು ಗೆದ್ದು ತಂದ ಕಪ್ಪುಗಳನ್ನು ನೋಡಿ ತನಗೂ ಜೂಡೋ ಬೇಕೆಂದು ಹಟ ಹಿಡಿದು, ನನ್ನ ಕೈ ಮುರಿಯುವ ಮೊದಲೇ ಮರೈಕೆಯ ಕ್ಲಾಸಿಗೆ ಸೇರಿದ್ದಳು. ವಾರಕ್ಕೆ ಮೂರು ದಿನ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬರುತ್ತಿದ್ದಳು, ಅವ್ವ ಅವಳಿಗೆ ಜಡೆ ಹಾಕಿ, ಡಬ್ಬಿಗೆ ಶೇಂಗಾ ಚಿಕ್ಕಿ ತುಂಬಿ ಕೊಡುತ್ತಿದ್ದಳು, ಮರೈಕೆ ಕೈಹಿಡಿದು ಕರೆದೊಯ್ಯುತ್ತಿದ್ದಳು. ನನಗೆ ಹಾಗಾದ ಮೇಲೂ ಇದು ನಡೆಯಿತು. ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ "ನಾ ಅದೀನಲ್ಲ" ಎಂದ. ನಾಲ್ಕು ತಿಂಗಳು ಅವನು ನಿಜವಾಗಿಯೂ ಪ್ರತಿ ಕ್ಲಾಸಿನಲ್ಲೂ ಮ್ಯಾಟಿನಂಚಿನಲ್ಲಿ ನಿಂತ. ಒಂದು ದಿನ ಮೇಲಿನ ಮಹಡಿಯ ಏಸಿಯಿಂದ ನೀರು ಸೋರುತ್ತಿದೆ ಎಂದು ಮ್ಯಾನೇಜರು ಕರೆದರು. ಅವನು ಏಣಿ ಹತ್ತಿ, ಕೊಳವೆ ಬಿಗಿ ಮಾಡಿ, ಇಳಿದು ಬರುವಷ್ಟರಲ್ಲಿ ಮುಗಿದಿತ್ತು. ಮಕ್ಕಳಿಗೆ ಎಸೆತ ತೋರಿಸಲು ಮರೈಕೆ ಎಲ್ಲರಿಗಿಂತ ಹಗುರಾದ ನಾಝಿಯಾಳನ್ನು ಕರೆದಿದ್ದಳು. ಎತ್ತುವಾಗ ಮಗುವನ್ನು ಎತ್ತಿದಳು. ಎಸೆಯುವಾಗ ಎಸೆದದ್ದು ಮಗುವನ್ನಲ್ಲ, ಯಾವುದೋ ಹಳೆಯ ಎದುರಾಳಿಯನ್ನು. ಕತ್ತಿಗೂ ಭುಜಕ್ಕೂ ನಡುವೆ ಪೆಟ್ಟು. ಮೂಳೆ ಕೂಡಿತು, ಒಳಗಿನ ನರ ಕೂಡಲಿಲ್ಲ. ನಾಝಿಯಾಳ ಬಲಗೈಯ ಬೆರಳುಗಳು ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ.

ಹನ್ನೊಂದನೆಯ ದಿನ ಝುಬೈದಾ ಆಂಟಿ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಆಸ್ಪತ್ರೆಯ ಫೈಲು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅವ್ವನನ್ನು ನೋಡಲಿಲ್ಲ, ನನ್ನ ತೋಳನ್ನು ನೋಡುತ್ತಿದ್ದರು.

"ಒಂದು ಕೇಳ್ಲಿಕ್ಕೆ ಬಂದದ್ದು. ನೀಲನ ಕೈ ಮೆಟ್ಟಿಲಿಂದ ಬಿದ್ದು ಮುರಿದದ್ದಾ?"

ಅಪ್ಪ ಎದ್ದು ನಿಂತ. "ಹೌದ್ರಿ, ಅವತ್ತ—"

"ನಿಮ್ಮತ್ರ ಕೇಳಿದ್ದಲ್ಲ. ಅಕ್ಕನತ್ರ ಕೇಳಿದ್ದು. ಅಕ್ಕ, ನಿಮಗೆ ಗೊತ್ತಿತ್ತಾ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸುತ್ತುವುದು ನಿಂತಿತು.

"ಗೊತ್ತಿತ್ತು," ಎಂದಳು.

ಝುಬೈದಾ ಆಂಟಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಜಡೆ ಹಾಕಿ ಕಳಿಸಿದ್ದು ನೀವು," ಎಂದರು. "ಗೊತ್ತಿದ್ದೂ, ಜಡೆ ಹಾಕಿ, ಡಬ್ಬಿ ಕಟ್ಟಿ ಕಳಿಸಿದ್ದು. ನಾನು ಎಂತ ಹೇಳುವುದು ಇನ್ನು?"

ಅವರು ತಮ್ಮ ಬಾಗಿಲಿಗೆ ನಾಲ್ಕು ಹೆಜ್ಜೆ ನಡೆದು ಒಳಗೆ ಹೋದರು. ಕ್ಲಬ್ಬಿನವರು ಅವರ ಗಂಡನ ಹತ್ತಿರ ಏನು ಮಾತಾಡಿದರೋ ತಿಳಿಯದು, ವಿಷಯ ಪೊಲೀಸರ ತನಕ ಹೋಗಲಿಲ್ಲ. ಮರೈಕೆಯ ವೀಸಾ ರದ್ದಾಯಿತು. ಅಪ್ಪನಿಗೆ ಮೊದಲೇ ಗೊತ್ತಿತ್ತೆಂದು ತಿಳಿದ ಮೇಲೆ ಮ್ಯಾನೇಜರು ಅವನನ್ನು ಕರೆದು "ಖಲಾಸ್" ಎಂಬ ಒಂದೇ ಮಾತಿನಲ್ಲಿ ಕೆಲಸ ಮುಗಿಸಿದರು. ಅಪ್ಪ ಮನೆಗೆ ಬಂದು ಉಪಕರಣಗಳ ಚೀಲವನ್ನು ಸೋಫಾದ ಕೆಳಗೆ ತಳ್ಳಿದ. ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಅವನಿಗೆ ಒಂದು ಮಾತೂ ಅನ್ನಲಿಲ್ಲ, ಅಂದೂ ಅಲ್ಲ, ಆಮೇಲೂ ಅಲ್ಲ. ಅವರಿಬ್ಬರ ನಡುವೆ ಜಗಳಗಳು ಅಲ್ಲಿಗೆ ಮುಗಿದವು. ಮನೆಯಲ್ಲಿ ಜಗಳವಿದ್ದ ಕಾಲವೇ ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದು ಆಗ.

ಮರೈಕೆಯನ್ನು ಕರೆದೊಯ್ಯಲು, ವರ್ಷಗಳಿಂದ ಭೇಟಿಯಿಲ್ಲದ ಆಕೆಯ ತಮ್ಮ ಬಂದರು. ಅವರೂ ದೋಣಿಯವರೇ, ನಿವೃತ್ತರಾಗಿದ್ದರು. ದೊಡ್ಡ ಕೈಗಳ, ಮಾತಿಲ್ಲದ ಮನುಷ್ಯ. ಎರಡು ದಿನ ಅವ್ವ ಬಡಿಸಿದ್ದನ್ನೆಲ್ಲ ತಲೆ ತಗ್ಗಿಸಿ ಉಂಡರು. ಅಮ್ಮನಿಗೂ ಇದೇ ಆಗಿತ್ತು, ಅಕ್ಕನಿಗೆ ತಲೆಗೆ ಬಿದ್ದ ಪೆಟ್ಟುಗಳೂ ಸೇರಿಕೊಂಡಿರಬೇಕು ಎಂದರು. ತನಗೆ ಮೊದಲೇ ಬರೆಯಬಾರದಿತ್ತೇ ಎಂದು ನಮ್ಮನ್ನು ಕೇಳಲಿಲ್ಲ. ಹೊರಡುವ ಬೆಳಿಗ್ಗೆ ಮರೈಕೆ ಎಲ್ಲರಿಗಿಂತ ಮೊದಲು ಎದ್ದು, ಜೂಡೋ ಅಂಗಿಯನ್ನು ನೀಟಾಗಿ ಮಡಚಿ, ಬೆಲ್ಟಿನಿಂದ ಕಟ್ಟಿ ಚೀಲದ ಮೇಲಿಟ್ಟಿದ್ದಳು. ಎಲ್ಲಿಗೆ ಹೊರಟಿದ್ದೇವೆ ಎಂದು ಆಕೆ ಕೇಳಿದಾಗ ಅಪ್ಪ, ಮ್ಯಾಚ್ ಇದೆ ಎಂದಿದ್ದನಂತೆ. ಅವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ ತಟ್ಟೆಯನ್ನು ಆಕೆಯ ಮುಂದೆ ಹಿಡಿದಳು. ಆಕೆ ತಟ್ಟೆಯನ್ನು ಮೆಲ್ಲಗೆ ಸರಿಸಿದಳು. ನಮ್ಮವ್ವನಿಂದಲೇ ಕಲಿತ ಕನ್ನಡದಲ್ಲಿ ಹೇಳಿದಳು:

"ಈಗ ಬ್ಯಾಡ. ತೂಕ ನೋಡ್ತಾರ. ಆಮ್ಯಾಲೆ ಉಣ್ತೀನಿ."

"ಒಂದ ತುತ್ತು ತಿನ್ನ ಮರಿಯಕ್ಕ," ಎಂದಳು ಅವ್ವ. "ದೂರ ಐತಿ."

"ಆಮ್ಯಾಲೆ," ಎಂದು ಆಕೆ ಅವ್ವನ ಭುಜ ತಟ್ಟಿದಳು.

ನನ್ನನ್ನು ನೋಡಿ, ನಿನ್ನ ಚೀಲ ಎಲ್ಲಿ ಎಂದಳು. ನಾನು ಮುಂದಿನ ವಿಮಾನದಲ್ಲಿ ಬರುತ್ತೇನೆ ಎಂದೆ. ತಡ ಮಾಡಬೇಡ ಎಂದಳು. ಅಪ್ಪ ಚೀಲ ಹೊತ್ತು ಲಿಫ್ಟಿನಲ್ಲಿ ಅವರ ಜೊತೆ ಇಳಿದ. ಎರಡು ವರ್ಷಗಳ ನಂತರ ಆ ತಮ್ಮನಿಂದ ಒಂದು ಮೇಲ್ ಬಂತು. ಮೊದಲ ಕೆಲವು ತಿಂಗಳು ಆಕೆ ವೃದ್ಧಾಶ್ರಮದ ಬಾಗಿಲ ಬಳಿ ಕೂತು ಒಬ್ಬ ಹುಡುಗಿ ಬರಬೇಕು ಎನ್ನುತ್ತಿದ್ದಳಂತೆ. ಆಮೇಲೆ ಅನ್ನುವುದನ್ನು ಬಿಟ್ಟಳಂತೆ. ಆಮೇಲೆ ಮಾತನ್ನೇ. ಹೋದ ವಾರ ತೀರಿಕೊಂಡಳು ಎಂದು ಕೊನೆಯ ಸಾಲಿನಲ್ಲಿತ್ತು. ಅಪ್ಪ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿ, ಬಾಲ್ಕನಿಗೆ ಹೋಗಿ ನಿಂತ.

ಆಕೆ ಹೊರಟ ಆ ಬೆಳಿಗ್ಗೆ ಲಿಫ್ಟು ಕೆಳಗೆ ಹೋದ ಮೇಲೆ ಅವ್ವ ತಟ್ಟೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾರಿಡಾರಿನಲ್ಲಿ ನಿಂತಿದ್ದಳು. ರೊಟ್ಟಿಯ ಮೇಲೆ ಇನ್ನೂ ಹಬೆಯಾಡುತ್ತಿತ್ತು. ಒಳಗೆ ಬಾ ಅವ್ವ ಎಂದು ಕರೆದೆ. ಅವಳು ಒಳಗೆ ಬರಲಿಲ್ಲ. ನಾಲ್ಕು ಹೆಜ್ಜೆ ನಡೆದು ಝುಬೈದಾ ಆಂಟಿಯ ಬಾಗಿಲು ತಟ್ಟಿದಳು. ಒಳಗೆ ಟಿವಿಯಲ್ಲಿ ಮಕ್ಕಳ ಕಾರ್ಟೂನಿನ ಸದ್ದಿತ್ತು, ಅದು ನಿಂತಿತು. ಚಪ್ಪಲಿಯ ಸಪ್ಪಳ ಬಾಗಿಲ ತನಕ ಬಂತು. ಬಾಗಿಲಿನ ಸಣ್ಣ ಕಣ್ಣುಗಾಜು ಕಪ್ಪಾಯಿತು. ಆಚೆಯಿಂದ ಯಾರೋ ನೋಡುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಂಡು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ನೋಡುವವರಿಗೆ ಪೂರ್ತಿ ಕಾಣುವ ಹಾಗೆ ಎದುರಿಗೆ ನಿಂತಳು. ಎಷ್ಟು ಹೊತ್ತು ಹಾಗೆ ನಿಂತಳೋ. ಆಮೇಲೆ ಚಪ್ಪಲಿಯ ಸಪ್ಪಳ ಬಾಗಿಲಿನಿಂದ ದೂರ ಸರಿಯಿತು, ಆ ಗಾಜಿನಲ್ಲಿ ಮತ್ತೆ ಬೆಳಕು ಕಂಡಿತು.